ಗಡ್ಡೆ ತೆಗೆದ ಟೈಮ್ ಬರೀರಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ, ಹಾಗೇ ಇದನ್ನ ಓದೋ ಪ್ರತಿಯೊಬ್ಬ ಸರ್ಜನ್‌ಗೆ, ಓಟಿ ಸಿಸ್ಟರ್‌ಗೆ,

ನಮಸ್ಕಾರ.

ನಾನು ಒಂದು ಜಿಲ್ಲಾ ಕೇಂದ್ರದ ಪೆಥಾಲಜಿ ಲ್ಯಾಬಲ್ಲಿ ಹಿಸ್ಟೊ ಟೆಕ್ನಿಷಿಯನ್. ಅಂದ್ರೆ ಆಪರೇಷನ್ನಲ್ಲಿ ತೆಗೆದ ತುಂಡನ್ನ ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕಿ, ಡಾಕ್ಟ್ರು ಮೈಕ್ರೋಸ್ಕೋಪಲ್ಲಿ ನೋಡೋ ಹಂಗೆ ಮಾಡಿಕೊಡೋಳು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಪೇಷಂಟ್‌ಗಳು ನಮ್ಮನ್ನ ನೋಡಿರಲ್ಲ, ನಾವೂ ಅವರ ಮುಖ ನೋಡಿರಲ್ಲ, ಫಾರ್ಮ್ ಮೇಲಿರೋ ಹೆಸರು, ವಯಸ್ಸು, ಊರು ಇಷ್ಟೇ ಗೊತ್ತಿರೋದು.

ಸೋಮವಾರ ಬೆಳಿಗ್ಗೆ ಲ್ಯಾಬ್ ಬಾಗಿಲು ತೆಗೆಯೋಷ್ಟರಲ್ಲಿ ಮೆಟ್ಟಿಲ ಮೇಲೆ ಯಾರಾದ್ರೂ ಒಬ್ರು ಕೂತಿರ್ತಾರೆ. ಕೈಯಲ್ಲಿ ಬಟ್ಟೆ ಅಂಗಡಿ ಕವರ್, ಅದ್ರೊಳಗೆ ಒಂದು ಪ್ಲಾಸ್ಟಿಕ್ ಡಬ್ಬ, ಡಬ್ಬದೊಳಗೆ ಅವರ ಹೆಂಡ್ತಿದೋ ಅಮ್ಮಂದೋ ಅಕ್ಕಂದೋ ಸ್ತನ. ಶನಿವಾರ ಮಧ್ಯಾಹ್ನ ಆಪರೇಷನ್ ಆಗಿರುತ್ತೆ, ಭಾನುವಾರ ಲ್ಯಾಬ್ ರಜೆ ಅಂತ ಅವರು ಡಬ್ಬನ ಮನೆಗೆ ತಗೊಂಡು ಹೋಗಿ ಮಂಚದ ಕೆಳಗೆ ಇಟ್ಟಿರ್ತಾರೆ, ಕೆಲವರು ದೇವರ ಮನೆಯಿಂದ ದೂರ ಇರ್ಲಿ ಅಂತ ಹಿತ್ತಲಲ್ಲಿ ಇಟ್ಟಿರ್ತಾರೆ. ಮುಚ್ಚಳ ತೆಗೆದ್ರೆ ಒಂದೊಂದ್ಸಲ ತುಂಡು ಕೊಳೆಯದಂಗೆ ಕಾಪಾಡೋ ಫಾರ್ಮಲಿನ್ ವಾಸನೆ ಕಣ್ಣಿಗೆ ಹೊಡೆಯುತ್ತೆ, ಅವತ್ತು ನನಗೆ ಖುಷಿ. ಒಂದೊಂದ್ಸಲ ಏನೂ ಘಾಟು ಇರಲ್ಲ, ಬರೀ ಸಲೈನ್, ಡ್ರಿಪ್‌ಗೆ ಹಾಕ್ತಾರಲ್ಲ ಅದೇ ನೀರು. ಆಗ ಬರೋದು ಕೊಳೆತ ವಾಸನೆ. ಆ ವಾಸನೆ ಬಂತು ಅಂದ್ರೆ ಆ ಹೆಣ್ಣುಮಗಳಿಗೆ ಯಾವ ಔಷಧಿ ಕೊಡಬೇಕು ಅಂತ ಹೇಳಬೇಕಾಗಿದ್ದ ಸಾಕ್ಷಿಯಲ್ಲಿ ಅರ್ಧ ಆಗಲೇ ಹೋಗಿದೆ ಅಂತ ಅರ್ಥ. ಹೊರಗೆ ಕೂತಿರೋರಿಗೆ ಇದನ್ನ ನಾನು ಹೇಳೋ ಹಂಗಿಲ್ಲ. ಅದಕ್ಕೇ ನಿಮಗೆ ಹೇಳ್ತಿದ್ದೀನಿ.

ಏನು ಸಾಕ್ಷಿ ಅಂತ ಕೇಳಬಹುದು. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನೋದು ಸ್ವಲ್ಪ ಹಾಳಾದ ತುಂಡಲ್ಲೂ ಗೊತ್ತಾಗುತ್ತೆ, ಅದು ಕಣ್ಣಿಗೆ ಕಾಣೋ ಆಕಾರದ ವಿಷಯ. ಆದ್ರೆ ಇವತ್ತು ಸ್ತನ ಕ್ಯಾನ್ಸರ್‌ಗೆ ಟ್ರೀಟ್‌ಮೆಂಟ್ ನಿಂತಿರೋದು ಆಕಾರದ ಮೇಲೆ ಅಲ್ಲ, ಆ ಕೋಶಗಳ ಒಳಗೆ ಯಾವ ಪ್ರೋಟೀನ್ ಯಾವ ಪ್ರೋಟೀನ್ ಜೊತೆ ಸೇರಿಕೊಂಡು ಕೋಶನ ಬೆಳೆಸ್ತಾ ಇದೆ ಅನ್ನೋದ್ರ ಮೇಲೆ. ನಾವು ಪ್ರೋಟೀನ್ ಅಂದ್ರೆ ಮೊಟ್ಟೆ, ಬೇಳೆ, ಸೋಯಾ ಅಂದ್ಕೊಳ್ತೀವಿ, ನಾನೂ ಡಿಪ್ಲೊಮಾ ಓದೋವರೆಗೂ ಹಂಗೇ ಅಂದ್ಕೊಂಡಿದ್ದೆ. ಕೋಶದ ಒಳಗೆ ಕೆಲಸ ಮಾಡೋ ಆಳುಗಳೇ ಪ್ರೋಟೀನ್‌ಗಳು. ಒಂದೊಂದೂ ಒಂದೊಂದು ಆಕಾರ, ಬಹಳಷ್ಟು ಸಲ ಒಂದರ ಗುಳಿಯಲ್ಲಿ ಇನ್ನೊಂದರ ಉಬ್ಬು ಕೂತ್ರೇನೇ ಕೆಲಸ ಶುರು. ಬಹಳಷ್ಟು ಪ್ರೋಟೀನ್‌ಗಳು ಒಂಟಿಯಾಗಿ ಕೆಲಸ ಮಾಡಲ್ಲ. ಕ್ಯಾನ್ಸರ್ ಅನ್ನೋದು ಬಹಳಷ್ಟು ಸಲ ಈ ಸೇರೋದು ಬಿಡೋದು ಅನ್ನೋ ಲೆಕ್ಕ ತಪ್ಪೋದ್ರಿಂದ ಆಗೋದು.

ನಾನು ದಿನಾ ಬಣ್ಣ ಹಾಕೋ ಹರ್-2 ಅನ್ನೋ ಪ್ರೋಟೀನ್ ಬಗ್ಗೆ ಸ್ವಲ್ಪ ಜಾಸ್ತೀನೇ ಹೇಳ್ತೀನಿ, ತಾಳ್ಮೆಯಿಂದ ಓದಿ. ಇದು ಕೋಶದ ಗೋಡೆ ಮೇಲೆ ಅರ್ಧ ಹೊರಗೆ ಅರ್ಧ ಒಳಗೆ ನಿಂತಿರುತ್ತೆ. ಇವರು ಒಟ್ಟು ನಾಲ್ಕು ಜನ ಒಡಹುಟ್ಟಿದವರು, ಒಂದನೇದು ಇಜಿಎಫ್‌ಆರ್, ಆಮೇಲೆ ಹರ್-2, ಹರ್-3, ಹರ್-4. ಹೊರಗಿಂದ ಬೆಳವಣಿಗೆಯ ಸಂದೇಶ ಬಂದು ಅಂಟಿಕೊಂಡ್ರೆ ಉಳಿದವು ಮೈ ಬಿಚ್ಚಿ ಕೈ ಚಾಚ್ತವೆ, ಪಕ್ಕದಲ್ಲಿರೋದರ ಜೊತೆ ಜೋಡಿ ಆಗ್ತವೆ, ಜೋಡಿ ಆದಮೇಲೆನೇ ಒಳಗಡೆ ಸುದ್ದಿ ಮುಟ್ಟೋದು. ಆದ್ರೆ ಹರ್-2ಗೆ ಬಂದು ಅಂಟೋ ಸಂದೇಶ ಯಾವ್ದೂ ಇಲ್ಲ, ಇವತ್ತಿನವರೆಗೂ ಸಿಕ್ಕಿಲ್ಲ. ಅದರ ಕೈ ಯಾವಾಗ್ಲೂ ಚಾಚಿಕೊಂಡೇ ಇರುತ್ತೆ, ಯಾರು ಸಿಗ್ತಾರೋ ಹಿಡ್ಕೊಳೋಣ ಅಂತ. ಇನ್ನೊಂದು ಕಡೆ ಹರ್-3. ಅದು ಸಂದೇಶನ ಚೆನ್ನಾಗಿ ತಗೊಳುತ್ತೆ, ಆದ್ರೆ ಒಳಗೆ ಕೂಗಿ ಹೇಳೋ ಶಕ್ತಿ ಅದಕ್ಕೆ ಬಹಳ ಕಮ್ಮಿ. ಒಂದಕ್ಕೆ ಕಿವಿ ಇಲ್ಲ, ಇನ್ನೊಂದಕ್ಕೆ ಬಾಯಿ ಇಲ್ಲ. ಇವೆರಡೂ ಸೇರಿದ್ರೆ ಮಾತ್ರ ನಾಲ್ಕು ಜನರಲ್ಲಿ ಆಗೋ ಎಲ್ಲಾ ಜೋಡಿಗಿಂತ ಜೋರಾದ ಜೋಡಿ. ಹರ್-3ರ ಬಾಲದಲ್ಲಿ ಪಿಐ3ಕೆ ಅನ್ನೋ ಮುಂದಿನ ಪ್ರೋಟೀನ್ ಬಂದು ಕೂರೋಕೆ ಆರು ಜಾಗ ಇದೆ, ಅಲ್ಲಿಂದ ಎಕೆಟಿ ಅನ್ನೋದಕ್ಕೆ ಸುದ್ದಿ ಹೋಗುತ್ತೆ, ಆ ಸುದ್ದಿ ಏನಪ್ಪಾ ಅಂದ್ರೆ ಸಾಯಬೇಡ, ಬೆಳೀತಾ ಇರು, ಎರಡಾಗು, ನಾಲ್ಕಾಗು.

ಸಾಮಾನ್ಯ ಕೋಶದಲ್ಲಿ ಹರ್-2 ಜೀನ್ ಎರಡೇ ಪ್ರತಿ ಇರೋದು, 17ನೇ ಕ್ರೋಮೋಸೋಮ್ ಮೇಲೆ. ಕೆಲವರ ಗಡ್ಡೆಯಲ್ಲಿ ಅದು ಹತ್ತಾರು ಪ್ರತಿ ಆಗ್ಬಿಡುತ್ತೆ. ಗೋಡೆ ಮೇಲೆ ಕೆಲವು ಹತ್ತು ಸಾವಿರ ಇರಬೇಕಾದ ಹರ್-2 ಪ್ರೋಟೀನ್ 20 ಲಕ್ಷದವರೆಗೂ ಹೋಗುತ್ತೆ. ಸಂತೆಯಲ್ಲಿ ಕಾಲಿಡೋಕೆ ಜಾಗ ಇಲ್ಲದಂಗೆ ಆದಮೇಲೆ ಒಬ್ಬರಿಗೊಬ್ಬರು ತಾಗದೆ ಇರೋಕೆ ಆಗುತ್ತಾ, ಹೊರಗಿಂದ ಯಾವ ಸಂದೇಶನೂ ಬರದೆ ಅವು ತಾವು ತಾವೇ ಜೋಡಿ ಆಗ್ತಾ, ಹರ್-3ನ ಎಳ್ಕೊಳ್ತಾ, ಬೆಳೀ ಬೆಳೀ ಅನ್ನೋ ಸುದ್ದಿನ ನಿಲ್ಲಿಸದೆ ಕಳಿಸ್ತಾನೇ ಇರ್ತವೆ. ಲಾಸ್ ಏಂಜಲಿಸ್‌ನಲ್ಲಿ ಡೆನ್ನಿಸ್ ಸ್ಲೇಮನ್ ಅನ್ನೋ ಡಾಕ್ಟರು ಮತ್ತೆ ಅವರ ತಂಡ 1987ರಲ್ಲಿ 189 ಹೆಂಗಸರ ಗಡ್ಡೆಗಳನ್ನ ನೋಡಿ, ಈ ಜೀನ್ ಜಾಸ್ತಿ ಆಗಿರೋರಲ್ಲಿ ಕಾಯಿಲೆ ಬೇಗ ವಾಪಸ್ ಬರುತ್ತೆ, ಬೇಗ ತಗೊಂಡು ಹೋಗುತ್ತೆ ಅಂತ ತೋರಿಸಿದ್ರು. ನೂರರಲ್ಲಿ ಹದಿನೈದು ಇಪ್ಪತ್ತು ಜನರದ್ದು ಈ ಥರದ ಕಾಯಿಲೆ. ಆ ಕೆಲಸದಿಂದಲೇ ಹರ್-2ನ ಹಿಡಿಯೋ ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧಿ ಬಂದಿದ್ದು, ಹರ್ಸೆಪ್ಟಿನ್ ಅಂತ ಎಲ್ಲರಿಗೂ ಗೊತ್ತಿರೋದು. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ತು. 2005ರಲ್ಲಿ ದೊಡ್ಡ ದೊಡ್ಡ ಟ್ರಯಲ್‌ಗಳ ಫಲಿತಾಂಶ ಬಂದಾಗ, ಆಪರೇಷನ್ ಆದಮೇಲೆ ಈ ಇಂಜೆಕ್ಷನ್ ಒಂದು ವರ್ಷ ಕೊಟ್ರೆ ಕಾಯಿಲೆ ಮರಳೋದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತೆ ಅಂತ ಗೊತ್ತಾಯ್ತು. ಯಾವ ಹರ್-2 ಇದ್ರೆ ಬೇಗ ಸಾಯ್ತಾರೆ ಅಂತಿದ್ರೋ, ಅದೇ ಹರ್-2 ಇರೋದು ಗೊತ್ತಾದ್ರೆ ಹಿಡಿಯೋಕೆ ಒಂದು ಜುಟ್ಟು ಸಿಕ್ಕಿದಂಗೆ ಆಯ್ತು.

ಆಮೇಲೆ ಪರ್ಟುಜುಮ್ಯಾಬ್ ಬಂತು, 2012ರಲ್ಲಿ. ಇದು ನನಗೆ ತುಂಬಾ ಇಷ್ಟವಾದ ಔಷಧಿ. ಇಷ್ಟ ಅನ್ನೋದು ತಪ್ಪೇನೋ, ಆದ್ರೂ ಹೇಳ್ತೀನಿ. ಯಾಕಂದ್ರೆ ಇದು ಹರ್-2 ಚಾಚಿರೋ ಆ ಕೈ ಮೇಲೇ ಬಂದು ಕೂರುತ್ತೆ, ಜೋಡಿನೇ ಆಗೋಕೆ ಬಿಡಲ್ಲ. ಎರಡು ಪ್ರೋಟೀನ್ ಸೇರೋದನ್ನ ತಡೆದ್ರೆ ಮನುಷ್ಯರು ಜಾಸ್ತಿ ಬದುಕ್ತಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕಾಯಿಲೆ ಬೇರೆ ಕಡೆ ಹರಡಿದ್ದವರ ಟ್ರಯಲ್‌ನಲ್ಲಿ ಟ್ರಾಸ್ಟುಜುಮ್ಯಾಬ್ ಮತ್ತೆ ಕೀಮೋ ಮಾತ್ರ ತಗೊಂಡವರಲ್ಲಿ ಅರ್ಧ ಜನ 40.8 ತಿಂಗಳು ದಾಟಿದ್ರೆ, ಇದನ್ನೂ ಸೇರಿಸಿದವರಲ್ಲಿ ಅರ್ಧ ಜನ 56.5 ತಿಂಗಳು ದಾಟಿದ್ರು. ಒಂದು ವರ್ಷಕ್ಕಿಂತ ಜಾಸ್ತಿ. ಒಬ್ಬ ತಾಯಿಗೆ ಆ ಟೈಮಲ್ಲಿ ಮಗಳ ಎಸ್ಸೆಸ್ಸೆಲ್ಸಿ ಮುಗಿಯುತ್ತೆ.

ಇನ್ನೊಂದು ಜೋಡಿ ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್‌ನ ಹಿಡ್ಕೊಳೋ ಪ್ರೋಟೀನ್‌ದು, ಅಂದ್ರೆ ಈಸ್ಟ್ರೋಜೆನ್ ರಿಸೆಪ್ಟರ್‌ದು, ನಾವು ಇಆರ್ ಅಂತೀವಿ. ಹಾರ್ಮೋನ್ ಬಂದು ಒಳಗೆ ಕೂತ್ರೆ ಇಆರ್ ತನ್ನ ಮೈ ಮಡಚಿಕೊಂಡು ಒಂದು ಗುಳಿ ಮಾಡ್ಕೊಳುತ್ತೆ, ಆ ಗುಳಿಯಲ್ಲಿ ಸಹಾಯಕ ಪ್ರೋಟೀನ್‌ಗಳು ಬಂದು ಕೂರ್ತವೆ, ಎಲ್ಲಾ ಸೇರಿ ಡಿಎನ್‌ಎ ಮೇಲೆ ಕೂತು ಬೆಳವಣಿಗೆಯ ಜೀನ್‌ಗಳನ್ನ ಆನ್ ಮಾಡ್ತವೆ. ಟ್ಯಾಮಾಕ್ಸಿಫೆನ್ ಮಾತ್ರೆ ಮಾಡೋದು ಏನಂದ್ರೆ, ಹಾರ್ಮೋನ್ ಕೂರೋ ಜಾಗದಲ್ಲಿ ತಾನು ಕೂತು ಇಆರ್‌ನದೇ ಒಂದು ತೋಳನ್ನ ಆ ಗುಳಿಗೆ ತಳ್ಳುತ್ತೆ. ಬಸ್ ಸ್ಟ್ಯಾಂಡಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿಯಲ್ವಾ, ಹಂಗೆ. ಸಹಾಯಕ ಬಂದು ನೋಡಿದ್ರೆ ಸೀಟ್ ಖಾಲಿ ಇಲ್ಲ. 1998ರಲ್ಲಿ ಇದರ ಆಕಾರನ ಅಣು ಅಣುವಾಗಿ ಬಿಡಿಸಿ ತೋರಿಸಿದ್ರು, ಮಾತ್ರೆ ಮಾತ್ರ 70ರ ದಶಕದಿಂದ ಜನರನ್ನ ಉಳಿಸ್ತಾ ಇತ್ತು. ಇಆರ್ ಇರೋರು ಐದು ವರ್ಷ ಇದನ್ನ ತಗೊಂಡ್ರೆ ಸ್ತನ ಕ್ಯಾನ್ಸರ್‌ನಿಂದ ಸಾಯೋದು ಸುಮಾರು ಮೂರರಲ್ಲಿ ಒಂದು ಭಾಗ ಕಮ್ಮಿ ಆಗುತ್ತೆ, ಅದೂ ಬಡವರ ಕೈಗೆ ಎಟುಕೋ ಬೆಲೆಗೆ. ಆದ್ರೆ ಇಆರ್ ಇಲ್ಲ ಅಂತ ರಿಪೋರ್ಟ್ ಬಂದವರಿಗೆ ಇದನ್ನ ಯಾರೂ ಬರೆದು ಕೊಡಲ್ಲ.

ಇಲ್ಲೇ ಇನ್ನೊಂದು ಮಾತು. ಈ ಎರಡೂ ದಾರಿ ಬೇರೆ ಬೇರೆ ಅಲ್ಲ. ಹರ್-2 ಕಡೆಯಿಂದ ಹೊರಟ ಸುದ್ದಿ ಇಆರ್‌ನ ಸಹಾಯಕರಿಗೂ ಮುಟ್ಟುತ್ತೆ. ಎಐಬಿ-1 ಅನ್ನೋ ಸಹಾಯಕ ಪ್ರೋಟೀನೂ ಜಾಸ್ತಿ, ಹರ್-2ನೂ ಜಾಸ್ತಿ ಇರೋ ಹೆಂಗಸರಲ್ಲಿ ಟ್ಯಾಮಾಕ್ಸಿಫೆನ್ ಸರಿಯಾಗಿ ಕೆಲಸ ಮಾಡಲ್ಲ ಅಂತ 2003ರಲ್ಲೇ ತೋರಿಸಿದ್ದಾರೆ. ಅಂದ್ರೆ ಇಆರ್ ಒಂದೇ ನೋಡಿ, ದುಡ್ಡಿಲ್ಲ ಅಂತ ಹರ್-2 ಬಿಟ್ರೆ ಪೂರ್ತಿ ಚಿತ್ರ ಸಿಗಲ್ಲ. ನಮ್ಮಲ್ಲಿಗೆ ಬರೋ ಎಷ್ಟೋ ಫಾರ್ಮ್‌ಗಳಲ್ಲಿ ಇಆರ್, ಪಿಆರ್ (ಪ್ರೊಜೆಸ್ಟೆರಾನ್ ಅನ್ನೋ ಇನ್ನೊಂದು ಹಾರ್ಮೋನ್‌ನ ರಿಸೆಪ್ಟರ್) ಮಾತ್ರ ಮಾಡಿ, ಹರ್-2 ಆಮೇಲೆ ನೋಡೋಣ ಅಂತ ಬರೆದಿರುತ್ತೆ. ಆ ಆಮೇಲೆ ಬರೋದೇ ಇಲ್ಲ.

ಇಆರ್, ಪಿಆರ್, ಹರ್-2 ಮೂರೂ ಇಲ್ಲದಿರೋದನ್ನ ಟ್ರಿಪಲ್ ನೆಗೆಟಿವ್ ಅಂತಾರೆ. ನಮ್ಮ ದೇಶದಲ್ಲಿ ಇದರ ಪಾಲು ಪಶ್ಚಿಮದ ದೇಶಗಳಿಗಿಂತ ಜಾಸ್ತಿ. ಇದರಲ್ಲಿ ಕೆಲವರದು ಡಿಎನ್‌ಎ ರಿಪೇರಿ ಮಾಡೋ ಬ್ರಾಕಾ ಅನ್ನೋ ಪ್ರೋಟೀನ್‌ಗಳ ಕಥೆ. ಗಾಳಿ ಮಳೆಗೆ ಕರೆಂಟ್ ತಂತಿ ಹರಿದ್ರೆ ಲೈನ್‌ಮನ್‌ಗಳ ತಂಡ ಬರುತ್ತಲ್ಲ, ಡಿಎನ್‌ಎ ಹರಿದ್ರೂ ಹಂಗೇ, ಬ್ರಾಕಾ-1 ಬಾರ್ಡ್-1 ಅನ್ನೋ ಜೊತೆಗಾರನ ಕೈ ಹಿಡ್ಕೊಂಡು ಬರುತ್ತೆ, ಪಾಲ್ಬಿ-2 ಮಧ್ಯೆ ನಿಂತು ಬ್ರಾಕಾ-2ನ ಕರೀತದೆ, ಬ್ರಾಕಾ-2 ಆರ್‌ಎಡಿ-51ನ ತಂದು ಹರಿದ ಜಾಗಕ್ಕೆ ಕೂರಿಸುತ್ತೆ. ಇದರಲ್ಲಿ ಒಬ್ಬರ ಕೈ ಬಿಟ್ರೂ ರಿಪೇರಿ ಆಗಲ್ಲ, ತಪ್ಪುಗಳು ಕೂಡ್ತಾ ಹೋಗ್ತವೆ. ಆ ಟೆಸ್ಟ್ ರಕ್ತದಲ್ಲಿ ಮಾಡೋದು, ನನ್ನ ಮೇಜಿಗೆ ಬರಲ್ಲ, ಆದ್ರಿಂದ ಅದನ್ನ ಇಲ್ಲಿಗೆ ಬಿಡ್ತೀನಿ. ಹೇಳಬೇಕಾದ್ದು ಇಷ್ಟೇ: ನಿಜವಾಗ್ಲೂ ಟ್ರಿಪಲ್ ನೆಗೆಟಿವ್ ಆಗಿರೋದು ಬೇರೆ, ತುಂಡು ಹಾಳಾಗಿ ಟ್ರಿಪಲ್ ನೆಗೆಟಿವ್ ಅಂತ ಕಾಣೋದು ಬೇರೆ. ರಿಪೋರ್ಟ್ ಓದೋರಿಗೆ ಎರಡೂ ಒಂದೇ ಥರ ಕಾಣುತ್ತೆ.

ಈಗ ಡಬ್ಬದ ವಿಷಯಕ್ಕೆ ಬರ್ತೀನಿ. ಮೈಯಿಂದ ಬೇರೆ ಆದ ತಕ್ಷಣ ಆ ತುಂಡಿಗೆ ರಕ್ತ ನಿಲ್ಲುತ್ತೆ, ಕೋಶಗಳು ತಮ್ಮನ್ನ ತಾವೇ ಕರಗಿಸಿಕೊಳ್ಳೋಕೆ ಶುರು ಮಾಡ್ತವೆ, ಪ್ರೋಟೀನ್ ಒಡೆದು ಹೋಗುತ್ತೆ. ಫಾರ್ಮಲಿನ್ ಮಾಡೋದು ಅದನ್ನ ಇದ್ದಂಗೇ ಹಿಡಿದು ನಿಲ್ಲಿಸೋ ಕೆಲಸ. ಆದ್ರೆ ಫಾರ್ಮಲಿನ್ ಒಳಗೆ ಇಳಿಯೋದು ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಪೂರ್ತಿ ಸ್ತನನ ಕೊಯ್ಯದೆ ಹಂಗೇ ಬಕೆಟ್‌ಗೆ ಹಾಕಿದ್ರೆ ಹೊರಗಿನ ಕೊಬ್ಬು ಗಟ್ಟಿ ಆಗಿರುತ್ತೆ, ಮಧ್ಯದಲ್ಲಿರೋ ಗಡ್ಡೆಗೆ ಫಾರ್ಮಲಿನ್ ಮುಟ್ಟಿರೋದೇ ಇಲ್ಲ. ಅಂತಾರಾಷ್ಟ್ರೀಯ ನಿಯಮ ಬಹಳ ಸರಳ, ತೆಗೆದ ಒಂದು ಗಂಟೆ ಒಳಗೆ ಫಾರ್ಮಲಿನ್‌ಗೆ ಹೋಗಬೇಕು, ದೊಡ್ಡ ತುಂಡಾದ್ರೆ ಗಡ್ಡೆವರೆಗೂ ಸೀಳಬೇಕು, ಫಾರ್ಮಲಿನ್ ತುಂಡಿಗಿಂತ ಹತ್ತು ಪಟ್ಟು ಇರಬೇಕು, ಹುಳಿ ಏರದಂಗೆ ಉಪ್ಪು ಬೆರೆಸಿ ಬಫರ್ ಮಾಡಿದ ಶೇಕಡಾ 10ರದ್ದಾಗಿರಬೇಕು, 6 ಗಂಟೆಗಿಂತ ಕಮ್ಮಿ ಇಡಬಾರದು, 72 ಗಂಟೆ ಮೀರಬಾರದು. ನಮ್ಮ ಕಡೆ ಬರೋದು ಹೆಂಗೆ ಅಂದ್ರೆ, ಉಪ್ಪಿನಕಾಯಿ ಜಾಡಿ ಥರ ಬಾಯಿ ಚಿಕ್ಕದಿರೋ ಡಬ್ಬದಲ್ಲಿ ತುಂಡನ್ನ ತುರುಕಿರ್ತಾರೆ, ತಳದಲ್ಲಿ ಎರಡು ಬೆರಳಷ್ಟು ಫಾರ್ಮಲಿನ್. ಇಲ್ಲಾಂದ್ರೆ ಅಂಗಡಿಯಿಂದ ತಂದ ಸ್ಟ್ರಾಂಗ್ ಫಾರ್ಮಲಿನ್‌ಗೆ ನಲ್ಲಿ ನೀರು ಅಂದಾಜಲ್ಲಿ ಬೆರೆಸಿರ್ತಾರೆ, ಬಫರ್ ಉಪ್ಪು ಹಾಕೋದು ಎಲ್ಲಿ ಬಂತು. ಸಿಸ್ಟರ್‌ಗಳನ್ನ ಬೈಯೋಕೆ ನನಗೆ ಮನಸ್ಸಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಒಂದ್ಸಲ ಒಬ್ಬ ಸಿಸ್ಟರ್‌ಗೆ ಫೋನ್ ಮಾಡಿ ಇಷ್ಟೂ ಹೇಳಿದ್ದಕ್ಕೆ, ಮೇಡಂ ಇದು ಕ್ಯಾನ್ಸರ್ ಹೌದೋ ಅಲ್ಲವೋ ನೋಡೋಕೆ ಮಾತ್ರ ಅಂದ್ಕೊಂಡಿದ್ದೆ, ಔಷಧಿ ಇದರ ಮೇಲೆ ನಿಂತಿದೆ ಅಂತ ಗೊತ್ತಿರಲಿಲ್ಲ ಅಂದ್ರು. ಅವತ್ತಿಂದ ಆ ಆಸ್ಪತ್ರೆಯ ಡಬ್ಬಗಳು ಒಂದೂ ಕೆಟ್ಟು ಬಂದಿಲ್ಲ.

ನಮ್ಮ ಚಿಕ್ಕಮ್ಮಂದು ಹೇಳ್ತೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. 46 ವರ್ಷ ಇದ್ದಾಗ ಎಡಗಡೆ ಗಂಟು ಕಾಣಿಸ್ತು, ಹತ್ತಿರದ ಪಟ್ಟಣದ ಒಂದು ನರ್ಸಿಂಗ್ ಹೋಮಲ್ಲಿ ಆಪರೇಷನ್ ಆಯ್ತು. ತುಂಡು ಹೋಗಿದ್ದು ಬೇರೆ ಲ್ಯಾಬ್‌ಗೆ, ನಮ್ಮಲ್ಲಿಗಲ್ಲ. ಇಆರ್ ನೆಗೆಟಿವ್, ಪಿಆರ್ ನೆಗೆಟಿವ್, ಹರ್-2 ಸೊನ್ನೆ. ಕೀಮೋ ತಗೊಂಡ್ರು, ಕೂದಲು ಹೋಯ್ತು, ಬಂತು, ಎಲ್ಲಾ ಮುಗೀತು ಅಂದ್ಕೊಂಡ್ವಿ. ಎರಡೂವರೆ ವರ್ಷಕ್ಕೆ ಲಿವರ್‌ನಲ್ಲಿ ಗಂಟು. ಬೆಂಗಳೂರಲ್ಲಿ ಸೂಜಿ ಹಾಕಿ ತುಂಡು ತೆಗೆದು ನೋಡಿದ್ರೆ ಹರ್-2 3 ಪ್ಲಸ್, ಅಂದ್ರೆ ಜೋರಾಗೇ ಇದೆ. ಡಾಕ್ಟ್ರು ಸಮಾಧಾನದಿಂದ ಹೇಳಿದ್ರು, ಎರಡರಲ್ಲಿ ಒಂದು ಆಗಿರುತ್ತಮ್ಮ, ಕ್ಯಾನ್ಸರ್ ಹರಡ್ತಾ ಹರಡ್ತಾ ಸ್ವಭಾವ ಬದಲಾಯಿಸಿರಬಹುದು, ಹಂಗೂ ಆಗುತ್ತೆ, ಇಲ್ಲಾ ಮೊದಲನೇ ತುಂಡೇ ಕೆಟ್ಟಿರಬಹುದು ಅಂತ. ನನಗೆ ನಿದ್ದೆ ಬರಲಿಲ್ಲ. ತುಂಡು ಕೂರಿಸಿದ್ದ ಹಳೇ ಮೇಣದ ಬ್ಲಾಕು, ಸ್ಲೈಡು ಎಲ್ಲಾ ಇಸ್ಕೊಂಡು ಬಂದು ನಮ್ಮ ಡಾಕ್ಟ್ರ ಜೊತೆ ಕೂತು ನೋಡಿದೆ. ಇಆರ್ ಹಾಕಿದ ಸ್ಲೈಡಲ್ಲಿ ಗಡ್ಡೆ ಪಕ್ಕ ಇರೋ ಒಳ್ಳೇ ಹಾಲಿನ ನಾಳಗಳಲ್ಲಾದ್ರೂ ಅಲ್ಲಲ್ಲಿ ಕಂದು ಬಣ್ಣ ಬರಬೇಕು, ಅದು ಇದ್ರೆ ಟೆಸ್ಟ್ ಸರಿಯಾಗಿ ಆಗಿದೆ ಅಂತ ಲೆಕ್ಕ. ಅಲ್ಲೂ ಬಣ್ಣ ಇರಲಿಲ್ಲ, ಎಲ್ಲಾ ನೀಲಿ ನೀಲಿ. ಅಂದ್ರೆ ಆ ನೆಗೆಟಿವ್ ಅನ್ನೋದನ್ನ ನಂಬೋ ಹಂಗೇ ಇರಲಿಲ್ಲ. ಹಳೇ ಬ್ಲಾಕ್‌ನಿಂದ ಹರ್-2 ಮತ್ತೆ ಮಾಡಿಸಿದ್ವಿ, ಏನೂ ಬರಲಿಲ್ಲ, ಹರ್-2 ಜೀನ್‌ನ ಚುಕ್ಕಿಗಳಾಗಿ ತೋರಿಸಿ ಎಣಿಸೋ ಫಿಶ್ ಅನ್ನೋ ಟೆಸ್ಟ್ ಮಾಡಿಸಿದ್ವಿ, ಚುಕ್ಕಿಗಳು ಓದೋ ಹಂಗೆ ಬರಲಿಲ್ಲ. ಹೋದ ಪ್ರೋಟೀನ್ ವಾಪಸ್ ಬರಲ್ಲ.

ಆ ನರ್ಸಿಂಗ್ ಹೋಮ್‌ಗೆ ಹೋಗಿ ಕೇಳಿದೆ, ಎಷ್ಟು ಹೊತ್ತಿಗೆ ತೆಗೆದ್ರಿ, ಎಷ್ಟು ಹೊತ್ತಿಗೆ ಫಾರ್ಮಲಿನ್‌ಗೆ ಹಾಕಿದ್ರಿ ಅಂತ. ಎಲ್ಲೂ ಬರೆದಿರಲಿಲ್ಲ. ಫಾರ್ಮಲ್ಲಿ ಆ ಕಾಲಮೇ ಇರಲಿಲ್ಲ. ಇವತ್ತಿಗೂ ನಮಗೆ ಗೊತ್ತಿಲ್ಲ, ತಪ್ಪು ಯಾರದ್ದಾದ್ರೂ ಇತ್ತಾ, ಕಾಯಿಲೆದೇ ಆಟನಾ ಅಂತ. ಆ ಒಂದು ವರ್ಷದ ಇಂಜೆಕ್ಷನ್ ಮೊದಲೇ ಸಿಕ್ಕಿದ್ರೆ ಲಿವರ್‌ಗೆ ಹೋಗ್ತಾ ಇರಲಿಲ್ವೇನೋ ಅನ್ನೋ ಪ್ರಶ್ನೆನ ನಮ್ಮ ಚಿಕ್ಕಪ್ಪ ಊಟಕ್ಕೆ ಕೂತಾಗೆಲ್ಲಾ ಕೇಳ್ತಾರೆ, ಉತ್ತರ ಕೊಡೋಕೆ ನನ್ನ ಹತ್ರ ಎರಡು ಸಾಲು ಬರಹ ಇಲ್ಲ. ಚಿಕ್ಕಮ್ಮ ಈಗ ಮೂರು ವಾರಕ್ಕೊಂದ್ಸಲ ಇಂಜೆಕ್ಷನ್‌ಗೆ ಹೋಗಿ ಬರ್ತಿದ್ದಾರೆ, ಲಿವರ್‌ನ ಗಂಟು ಚಿಕ್ಕದಾಗಿದೆ, ಆಗಾಗ ಎಕೋ ಮಾಡಿಸ್ತಾರೆ, ಯಾಕಂದ್ರೆ ಹರ್-2 ಹೃದಯದ ಕೋಶಗಳಿಗೂ ಬೇಕಾದ ಪ್ರೋಟೀನ್, ಅಲ್ಲಿ ಅದು ಹರ್-4 ಜೊತೆ ಸೇರಿ ಒಳ್ಳೇ ಕೆಲಸನೇ ಮಾಡ್ತಾ ಇರುತ್ತೆ. ಔಷಧಿಗೆ ಗಡ್ಡೆ ಯಾವ್ದು ಹೃದಯ ಯಾವ್ದು ಅಂತ ಗೊತ್ತಾಗಲ್ಲ.

ಇದು ನಮ್ಮ ಮನೆಯ ಒಂದು ಕಥೆ ಅಂತ ಬಿಡಬೇಡಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯದಲ್ಲಿ 1997ರಿಂದ 2005ರವರೆಗೆ ಮಾಡಿದ ಹಾರ್ಮೋನ್ ರಿಸೆಪ್ಟರ್ ಟೆಸ್ಟ್‌ಗಳನ್ನ ಮತ್ತೆ ಮಾಡಿಸಿದಾಗ 300ಕ್ಕೂ ಹೆಚ್ಚು ಜನರ ರಿಪೋರ್ಟ್ ತಪ್ಪು ಅಂತ ಗೊತ್ತಾಯ್ತು. ಟ್ಯಾಮಾಕ್ಸಿಫೆನ್ ಸಿಗಬೇಕಾಗಿದ್ದವರಿಗೆ ಸಿಕ್ಕಿರಲಿಲ್ಲ. ನ್ಯಾಯಾಧೀಶೆ ಮಾರ್ಗರೆಟ್ ಕ್ಯಾಮರಾನ್ ಅವರ ಆಯೋಗ ವಿಚಾರಣೆ ಮಾಡಿ 2009ರಲ್ಲಿ ವರದಿ ಕೊಡ್ತು, ಹೆಂಗಸರು, ಅವರ ಗಂಡಂದಿರು, ಮಕ್ಕಳು ಬಂದು ಸಾಕ್ಷಿ ಹೇಳಿದ್ರು. ಅಲ್ಲಿ ಹಳೇದನ್ನ ತೆಗೆದು ನೋಡೋಕೆ ಒಂದು ಸರ್ಕಾರ ಒಪ್ಪಿಕೊಳ್ತು ಅನ್ನೋದೇ ದೊಡ್ಡ ವಿಷಯ. ನಾನು ಆಯೋಗ ಕೇಳ್ತಿಲ್ಲ. ಮುಂದೆ ಬರೋ ತುಂಡುಗಳನ್ನಾದ್ರೂ ಉಳಿಸೋಣ ಅಂತಿದ್ದೀನಿ.

ಔಷಧಿ ಇಲ್ಲ ಅನ್ನೋ ಮಾತು ಇವತ್ತು ಹೇಳೋ ಹಂಗಿಲ್ಲ. ಟ್ರಾಸ್ಟುಜುಮ್ಯಾಬ್‌ನ ಬಯೋಸಿಮಿಲರ್, ಅಂದ್ರೆ ಅದನ್ನೇ ಹೋಲೋ ಬೇರೆ ಕಂಪನಿಯ ಔಷಧಿ, ಪ್ರಪಂಚದಲ್ಲೇ ಮೊದಲು ಮಾರುಕಟ್ಟೆಗೆ ಬಂದಿದ್ದು ನಮ್ಮ ಬೆಂಗಳೂರಿನ ಬಯೋಕಾನ್‌ನಿಂದ, 2014ರಲ್ಲಿ, ಆಮೇಲೆ ಅಮೆರಿಕಕ್ಕೂ ಹೋಯ್ತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸ್ತು, ನಮ್ಮ ದೇಶದ ಪಟ್ಟಿಯಲ್ಲೂ ಇದೆ. ಸೈಕ್ಲಿನ್ ಡಿ-1 ಅನ್ನೋದು ಸಿಡಿಕೆ-4, ಸಿಡಿಕೆ-6ರ ಜೊತೆ ಸೇರಿ ಕೋಶನ ಎರಡಾಗಿಸೋದನ್ನ ತಡೆಯೋ ಪಾಲ್ಬೊಸಿಕ್ಲಿಬ್ ಮಾತ್ರೆಯ ಪೇಟೆಂಟ್ ಇಲ್ಲಿ 2023ರ ಜನವರಿಯಲ್ಲಿ ಮುಗಿದು, ಬೇರೆ ಕಂಪನಿಗಳೂ ತಯಾರಿಸಿ ಬೆಲೆ ತುಂಬಾ ಇಳೀತು. ಹರ್-2 ಮೇಲೆ ಕೂತು ಕೀಮೋನ ಗಡ್ಡೆ ಒಳಗೇ ಇಳಿಸೋ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್‌ಗೆ 2024ರ ಕೇಂದ್ರ ಬಜೆಟ್‌ನಲ್ಲಿ ಕಸ್ಟಮ್ಸ್ ಸುಂಕ ತೆಗೆದ್ರು. ಔಷಧಿಗೆ ಇಷ್ಟೆಲ್ಲಾ ಆಗಿದೆ, ಆ ಔಷಧಿ ಯಾರಿಗೆ ಅಂತ ಹೇಳೋ ಡಬ್ಬದ ಕಡೆ ಯಾರೂ ನೋಡಿಲ್ಲ. 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, ಸುಮಾರು 98 ಸಾವಿರ ಜನ ತೀರಿಕೊಂಡ್ರು ಅಂತ ಅಂದಾಜು. ಇಷ್ಟು ಜನರಲ್ಲಿ ಎಷ್ಟೋ ಜನರ ಡಬ್ಬ ಎಲ್ಲೋ ಒಂದು ಲ್ಯಾಬಿಗೆ ಹೋಗಿರುತ್ತೆ.

ಸಚಿವರೇ, ನಾನು ಕೇಳ್ತಿರೋದು ಹೊಸ ಆಸ್ಪತ್ರೆ ಅಲ್ಲ, ಹೊಸ ಮಷಿನ್ ಕೂಡ ಅಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ, ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಅಡಿ ನೋಂದಣಿ ಆಗಿರೋ ನರ್ಸಿಂಗ್ ಹೋಮ್‌ಗಳಿಗೆ ಒಂದೇ ಒಂದು ಸುತ್ತೋಲೆ ಕಳಿಸಿ. ಸ್ತನದ ಯಾವುದೇ ತುಂಡಿನ ಜೊತೆ ಬರೋ ಫಾರ್ಮ್‌ನಲ್ಲಿ ಎರಡು ಸಾಲು ಕಡ್ಡಾಯ ಮಾಡಿ: ಮೈಯಿಂದ ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ. ಆ ಎರಡು ಸಾಲು ಬರೀಬೇಕು ಅಂದ್ರೆ ಸಿಸ್ಟರ್ ಗಡಿಯಾರ ನೋಡ್ತಾರೆ, ಗಡಿಯಾರ ನೋಡಿದ್ರೆ ಬೇಗ ಹಾಕ್ತಾರೆ, ನಾನು ನೋಡಿರೋದು ಹಂಗೇ. ಬಫರ್ಡ್ ಫಾರ್ಮಲಿನ್ ತುಂಬಿದ ಅಗಲ ಬಾಯಿಯ ಡಬ್ಬಗಳನ್ನ ಜಿಲ್ಲಾ ಉಗ್ರಾಣದಿಂದಲೇ ತಾಲೂಕು ಆಸ್ಪತ್ರೆಗಳಿಗೆ ಕೊಡಿ, ಅವರು ಅಂದಾಜಲ್ಲಿ ಬೆರೆಸೋದು ಬೇಡ. ಶನಿವಾರ ಮಧ್ಯಾಹ್ನದ ಆಪರೇಷನ್ ಆದ್ರೆ ಸರ್ಜನ್ ಅಲ್ಲೇ ಗಡ್ಡೆವರೆಗೂ ಒಂದು ಸೀಳು ಹಾಕಿ ಕಳಿಸಲಿ, ಎಲ್ಲಿ ಹೆಂಗೆ ಸೀಳಬೇಕು ಅಂತ ಅಂಚುಗಳ ಲೆಕ್ಕ ತಪ್ಪದ ಹಂಗೆ ಪೆಥಾಲಜಿ ಡಾಕ್ಟರುಗಳು ಹೇಳಿಕೊಡ್ತಾರೆ, ನಮ್ಮ ಡಾಕ್ಟ್ರಂತೂ ಜಿಲ್ಲೆಯಲ್ಲಿ ಎಲ್ಲಿ ಕರೆದ್ರೂ ಹೋಗೋಕೆ ರೆಡಿ ಇದ್ದಾರೆ.

ಇನ್ನೊಂದು ಫಿಶ್ ಟೆಸ್ಟ್. ಹರ್-2 ಬಣ್ಣನ ಸೊನ್ನೆಯಿಂದ 3 ಪ್ಲಸ್‌ವರೆಗೆ ಅಳೀತೀವಿ. 3 ಪ್ಲಸ್ ಅಂದ್ರೆ ಇದೆ, ಸೊನ್ನೆ, 1 ಪ್ಲಸ್ ಅಂದ್ರೆ ನೆಗೆಟಿವ್ ಲೆಕ್ಕ. ಮಧ್ಯೆ ಸಿಕ್ಕೊಳೋರು 2 ಪ್ಲಸ್‌ನವರು, ಅವರಿಗೆ ಜೀನ್ ಎಣಿಸಿ ನೋಡೋ ಫಿಶ್ ಆದ್ರೆನೇ ಉತ್ತರ. ಅದಕ್ಕೆ ಸಾವಿರಗಟ್ಟಲೆ ಖರ್ಚು, ಬ್ಲಾಕ್ ಬೆಂಗಳೂರಿಗೆ ಹೋಗಬೇಕು. ಮೇಣದ ಆ ಚಿಕ್ಕ ಬ್ಲಾಕನ್ನ ಕರ್ಚೀಫಲ್ಲಿ ಸುತ್ತಿ ಅಂಗಿ ಜೇಬಲ್ಲಿಟ್ಟುಕೊಂಡು ರಾತ್ರಿ ಬಸ್ ಹತ್ತೋ ಗಂಡಂದಿರನ್ನ ನಾನು ನೋಡಿದ್ದೀನಿ, ಬಿಸಿಲಿಗೆ ಇಡಬೇಡಿ ಕರಗುತ್ತೆ ಅಂತ ಹೇಳಿ ಕಳಿಸ್ತೀನಿ. ಹೋದೋರು ಎಷ್ಟೋ ಜನ, ದುಡ್ಡು ಕೇಳಿ ಬ್ಲಾಕನ್ನ ನನ್ನ ಹತ್ರನೇ ಬಿಟ್ಟು ಹೋದೋರು ಅದಕ್ಕಿಂತ ಜಾಸ್ತಿ. ನಮ್ಮ ಅಲಮಾರದಲ್ಲಿ 2 ಪ್ಲಸ್ ಅಂತ ಬರೆದು ಮುಂದೇನೂ ಆಗದ ಬ್ಲಾಕ್‌ಗಳ ಒಂದು ಡ್ರಾಯರೇ ಇದೆ. ಎಪಿಎಲ್ ಬಿಪಿಎಲ್ ಅನ್ನದೆ, ಆಪರೇಷನ್ ಎಲ್ಲಿ ಆಗಿದ್ರೂ ಸರಿ, 2 ಪ್ಲಸ್ ಬಂದ ಪ್ರತಿಯೊಬ್ಬರ ಬ್ಲಾಕನ್ನ ಜಿಲ್ಲಾ ಆಸ್ಪತ್ರೆ ತಗೊಂಡು ಕಿದ್ವಾಯಿಗೋ ಫಿಶ್ ಸೌಲಭ್ಯ ಇರೋ ಬೇರೆ ಸರ್ಕಾರಿ ಸಂಸ್ಥೆಗೋ ಕಳಿಸಿ ಪುಕ್ಕಟೆ ಮಾಡಿಸೋ ವ್ಯವಸ್ಥೆ ಆಗಬೇಕು. ಜನ ಓಡಾಡೋದು ಬೇಡ, ಬ್ಲಾಕ್ ಓಡಾಡಲಿ.

ಹಾಗೇ ರಿಪೋರ್ಟ್ ಜೊತೆ ಕನ್ನಡದಲ್ಲಿ ಒಂದು ಪುಟ. ನಿಮ್ಮ ಗಡ್ಡೆಯಲ್ಲಿ ಈ ಪ್ರೋಟೀನ್ ಇದೆ, ಇದು ಇಲ್ಲ, ಅದಕ್ಕೆ ಈ ಔಷಧಿ ಇದೆ, ಡಾಕ್ಟರನ್ನ ಇದನ್ನ ಕೇಳಿ ಅಂತ. ಬರೆಯೋಕೆ ಕಷ್ಟ ಅಂತ ಯಾರಾದ್ರೂ ಅಂದ್ರೆ ಈ ಪತ್ರ ತೋರಿಸಿ, ಡಿಪ್ಲೊಮಾ ಓದಿರೋ ನಾನೇ ಇಷ್ಟು ಬರೆದಿದ್ದೀನಿ ಅಂದ್ರೆ ದೊಡ್ಡ ಡಾಕ್ಟರುಗಳು ಇನ್ನೂ ಚೆನ್ನಾಗಿ ಬರೀತಾರೆ.

ಓದ್ತಿರೋ ಮನೆಯವರಿಗೂ ಒಂದು ಮಾತು. ನಿಮ್ಮ ಕೈಗೆ ಡಬ್ಬ ಕೊಟ್ರೆ, ಮುಚ್ಚಳ ತೆಗೆಯೋಕೆ ಹೋಗಬೇಡಿ, ಫಾರ್ಮಲಿನ್ ಕಣ್ಣಿಗೆ, ಉಸಿರಿಗೆ ಒಳ್ಳೇದಲ್ಲ. ಆದ್ರೆ ಇದ್ರಲ್ಲಿ ಇರೋದು ಫಾರ್ಮಲಿನ್ನಾ ಸಲೈನಾ, ಎಷ್ಟು ಹೊತ್ತಿಗೆ ಹಾಕಿದ್ರಿ ಅಂತ ಸಿಸ್ಟರನ್ನ ಕೇಳಿ, ಕೇಳಿದ್ದನ್ನ ಫಾರ್ಮ್ ಹಿಂದೆ ಪೆನ್ನಲ್ಲಿ ಬರೆಸಿಕೊಳ್ಳಿ. ಫ್ರಿಜ್‌ನಲ್ಲಿ ಇಟ್ರೆ ಸಾಕು ಅಂದ್ಕೊಂಡು ಮನೇಲಿ ಇಟ್ಕೊಬೇಡಿ. ಅವತ್ತೇ ಲ್ಯಾಬಿಗೆ ಕೊಡಿ, ರಜೆ ಅಂದ್ರೆ ಫೋನ್ ಮಾಡಿ, ನಮ್ಮಂಥೋರು ಯಾರಾದ್ರೂ ಬಂದು ತಗೊತೀವಿ.

ಎರಡು ಸಾಲು ಸೇರಿಸಿದ ಫಾರ್ಮ್‌ನ ಮಾದರಿನ ನಮ್ಮ ಲ್ಯಾಬಲ್ಲೇ ಮಾಡಿ, ನಮಗೆ ತುಂಡು ಕಳಿಸೋ ಆಸ್ಪತ್ರೆಗಳಿಗೆಲ್ಲಾ ಹಂಚಿದ್ದೀವಿ, ಅದರ ಒಂದು ಪ್ರತಿನ ನಿಮ್ಮ ಕಚೇರಿಗೂ ಅಂಚೆಯಲ್ಲಿ ಕಳಿಸಿದ್ದೀನಿ. ಇಲಾಖೆಯಿಂದ ಯಾರಾದ್ರೂ ಬಂದು ನೋಡಬೇಕು ಅಂದ್ರೆ ಸೋಮವಾರ ಬನ್ನಿ, ಏಳೂವರೆಗೆ ನಾನು ಬಾಗಿಲು ತೆಗೀತೀನಿ. ಆ ವಾರ ಬಂದಿರೋ ಡಬ್ಬಗಳನ್ನೂ ಅಲಮಾರದ ಆ ಡ್ರಾಯರನ್ನೂ ಹೆಸರು ಕಾಣದ ಹಂಗೆ ಮುಚ್ಚಿ ತೋರಿಸ್ತೀನಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಹಿಸ್ಟೊಪೆಥಾಲಜಿ ಲ್ಯಾಬ್ ಟೆಕ್ನಿಷಿಯನ್